ಸ್ಕೋರ್ ಎಷ್ಟಾಯ್ತು, ಮಗಾ?

“ಐಸ್ ಮೇಲೆ ಹಾಕಿಯಾ? ಜಾರಿ ಬೀಳಲ್ವೇನೋ?”

ಅಪ್ಪ ಕೇಳಿದ ಮೊದಲ ಪ್ರಶ್ನೆ ಇದು. 2021ರ ಸೆಪ್ಟೆಂಬರ್. ನಾನು ಕೆಲಸ ಬದಲಿಸಿ ಅಮೆರಿಕದ ಇನ್ನೊಂದು ಊರಿನಿಂದ ಸಿಯಾಟಲ್‌ಗೆ ಬಂದು ಎರಡು ವಾರ ಆಗಿತ್ತು. ಊರು ತುಂಬ ಕಡುನೀಲಿ ಬಾವುಟಗಳು. ಬಸ್ಸಿನ ಮೇಲೆ, ಕಾಫಿ ಅಂಗಡಿ ಗಾಜಿನ ಮೇಲೆ, ಎಲ್ಲಿ ನೋಡಿದರೂ ಇಂಗ್ಲಿಷಿನ ದೊಡ್ಡ ‘ಎಸ್’ ಅಕ್ಷರ, ಅದರೊಳಗೊಂದು ಕೆಂಪು ಕಣ್ಣು. ಸಿಯಾಟಲ್‌ಗೆ ಹೊಸ ಐಸ್ ಹಾಕಿ ತಂಡ ಬರ್ತಾ ಇದೆ, ಹೆಸರು ಕ್ರಾಕನ್ ಅಂದ್ರು. ಕ್ರಾಕನ್ ಅಂದ್ರೆ ಉತ್ತರ ಯುರೋಪಿನ ನಾವಿಕರ ಕಥೆಗಳಲ್ಲಿ ಬರುವ, ಹಡಗುಗಳನ್ನೇ ನುಂಗುವ ಸಮುದ್ರ ರಾಕ್ಷಸ.

ನಮ್ಮೂರು ಸೋಮವಾರಪೇಟೆ. ಕೊಡಗಿನಲ್ಲಿ ಹಾಕಿ ಅಂದ್ರೆ ಏನು ಅಂತ ನಿಮಗೆ ಹೇಳಬೇಕಾಗಿಲ್ಲ. ಎಂ.ಪಿ. ಗಣೇಶ್, ಬಿ.ಪಿ. ಗೋವಿಂದ, ಎಂ.ಎಂ. ಸೋಮಯ್ಯ ಇವರೆಲ್ಲ ನಮ್ಮ ಮನೆಯಲ್ಲಿ ನೆಂಟರ ಹೆಸರಿನಷ್ಟು ಸಲೀಸು. ಅಪ್ಪ ಕಾಲೇಜಿನಲ್ಲಿ ಲೆಫ್ಟ್ ಹಾಫ್ ಆಡಿದವರು. ಆಮೇಲೆ ಗುಮಾಸ್ತರ ಕೆಲಸ, ಮದುವೆ, ನಾವಿಬ್ಬರು ಮಕ್ಕಳು. ಸ್ಟಿಕ್ ಮಾತ್ರ ಇವತ್ತಿಗೂ ನಡುಮನೆಯ ಮೂಲೆಯಲ್ಲಿದೆ. ನಾನೋ, ಪಿ.ಟಿ. ಪೀರಿಯಡ್‌ನಲ್ಲಿ ತಲೆನೋವು ಅಂತ ಕ್ಲಾಸಿನಲ್ಲೇ ಕೂರುತ್ತಿದ್ದ ಹುಡುಗ. ಎಂಜಿನಿಯರಿಂಗ್, ಕ್ಯಾಂಪಸ್ ಸೆಲೆಕ್ಷನ್, ಅಮೆರಿಕ. ನಮ್ಮಿಬ್ಬರ ನಡುವೆ ಮಾತಾಡಲು ವಿಷಯಗಳೇ ಕಡಿಮೆ. “ಊಟ ಆಯ್ತಾ?”, “ಆಯ್ತು”, “ಅಮ್ಮಂಗೆ ಕೊಡ್ತೀನಿ”. ಇಷ್ಟೇ.

ಆ ವರ್ಷ ಆಗಸ್ಟ್ 5ರಂದು ಅದು ಸ್ವಲ್ಪ ಬದಲಾಯಿತು. ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಭಾರತ ಜರ್ಮನಿಯನ್ನು 5-4ರಿಂದ ಸೋಲಿಸಿ 41 ವರ್ಷಗಳ ನಂತರ ಹಾಕಿಯಲ್ಲಿ ಪದಕ ಗೆದ್ದ ದಿನ. ನಾನು ಇಲ್ಲಿ ಕೆಲಸದಲ್ಲಿದ್ದೆ. ಅಪ್ಪನೇ ಫೋನ್ ಮಾಡಿ, ಟಿ.ವಿ. ಮುಂದೆ ಕೂತು, ಪೂರ್ತಿ ಕಾಮೆಂಟರಿ ಕೊಟ್ಟರು. ಕೊನೆಯ ಸೆಕೆಂಡುಗಳಲ್ಲಿ ಶ್ರೀಜೇಶ್ ಪೆನಾಲ್ಟಿ ಕಾರ್ನರ್ ತಡೆದಾಗ ಅಪ್ಪನ ಗಂಟಲು ಕಟ್ಟಿತ್ತು. ಅಪ್ಪ ಅಳೋದನ್ನ ನಾನು ಅದೇ ಮೊದಲು ಕೇಳಿದ್ದು.

ಹಾಗಾಗಿ ಸಿಯಾಟಲ್‌ನಲ್ಲಿ ಹಾಕಿ ತಂಡ ಅಂತ ಕಂಡ ಕೂಡಲೇ ಅಪ್ಪಂಗೆ ಹೇಳಿದೆ. ಈ ಸಲ ಕಾಮೆಂಟರಿ ನನ್ನದು ಅಂತ.

ಸೂರು ಹಳೇದು, ಮನೆ ಹೊಸದು

ಮೊದಲು ಕ್ರೀಡಾಂಗಣದ ಕಥೆ ಹೇಳ್ತೀನಿ. ಎಂಜಿನಿಯರ್ ಬುದ್ಧಿ, ನನಗೆ ಆಟಕ್ಕಿಂತ ಮೊದಲು ಹಿಡಿಸಿದ್ದು ಅದೇ.

1962ರಲ್ಲಿ ಸಿಯಾಟಲ್‌ನಲ್ಲಿ ವಿಶ್ವ ಮೇಳ ನಡೆಯಿತು. ಆ ಊರಿನ ಚಿತ್ರಗಳಲ್ಲೆಲ್ಲ ಕಾಣುವ ಸ್ಪೇಸ್ ನೀಡಲ್ ಗೋಪುರ, ಊರ ನಡುವೆ ಓಡುವ ಮೋನೋರೈಲು ಎರಡೂ ಆ ಮೇಳಕ್ಕೆಂದೇ ಕಟ್ಟಿದವು. ಅದೇ ಆವರಣದಲ್ಲಿ ಪಾಲ್ ಥೈರಿ ಎಂಬ ವಾಸ್ತುಶಿಲ್ಪಿ ನಾಲ್ಕು ಕಡೆ ಇಳಿಜಾರಾದ ಭಾರಿ ಚಾವಣಿಯ ಒಂದು ಸಭಾಂಗಣ ಕಟ್ಟಿದರು. ಮೇಳದ ನಂತರ ಅದು ಕ್ರೀಡಾಂಗಣವಾಯಿತು. ಬೀಟಲ್ಸ್ ಅಲ್ಲಿ ಹಾಡಿದ್ದಾರೆ. ಸೂಪರ್‌ಸಾನಿಕ್ಸ್ ಎಂಬ ಬ್ಯಾಸ್ಕೆಟ್‌ಬಾಲ್ ತಂಡಕ್ಕೆ ಬಹುಕಾಲ ಅದೇ ತವರು. ಆದರೆ 2008ರಲ್ಲಿ ಆ ತಂಡವನ್ನು ಒಕ್ಲಹಾಮಾಕ್ಕೆ ಒಯ್ದುಬಿಟ್ಟರು. ಸಿಯಾಟಲ್‌ನ ಜನ ಇವತ್ತಿಗೂ ಆ ವಿಷಯ ಎತ್ತಿದರೆ, ಜಮೀನು ಮಾರಿಕೊಂಡವರ ಥರ ಮುಖ ಮಾಡ್ತಾರೆ.

2018ರಲ್ಲಿ ಎನ್‌ಎಚ್‌ಎಲ್, ಅಂದ್ರೆ ಅಮೆರಿಕ-ಕೆನಡಾದ ವೃತ್ತಿಪರ ಐಸ್ ಹಾಕಿ ಲೀಗ್, ತನ್ನ 32ನೇ ತಂಡವನ್ನು ಸಿಯಾಟಲ್‌ಗೆ ಕೊಟ್ಟಿತು. ಪ್ರವೇಶ ಶುಲ್ಕವೇ 65 ಕೋಟಿ ಡಾಲರ್! ಆಡೋದೆಲ್ಲಿ? ಹಳೇ ಕಟ್ಟಡ ಚಿಕ್ಕದು, ಹಾಕಿಗೆ ಸರಿಹೋಗದು. ಕೆಡವೋಣ ಅಂದ್ರೆ ಅದರ ಚಾವಣಿ ಸಂರಕ್ಷಿತ ಸ್ಮಾರಕ.

ನಮ್ಮ ಕಡೆ ಹಳೇ ಮನೆ ರಿಪೇರಿ ಅಂದ್ರೆ ಮೊದಲು ಹೆಂಚು ಇಳಿಸ್ತೀವಿ ಅಲ್ವಾ? ಇವರು ಉಲ್ಟಾ ಮಾಡಿದರು. ಸುಮಾರು 20 ಸಾವಿರ ಟನ್ ತೂಕದ ಚಾವಣಿಯನ್ನು ತಾತ್ಕಾಲಿಕ ಉಕ್ಕಿನ ಕಂಬಗಳ ಮೇಲೆ ಎತ್ತಿ ಹಿಡಿದು, ಕೆಳಗಿದ್ದ ಕಟ್ಟಡವನ್ನೆಲ್ಲ ಕಿತ್ತು, ನೆಲವನ್ನು ಇನ್ನೂ ಆಳಕ್ಕೆ ಅಗೆದು, ಅದೇ ಸೂರಿನಡಿ ಹೊಸ ಕ್ರೀಡಾಂಗಣ ಕಟ್ಟಿದರು. ಕೆಲಸದ ನಡುವೆ ಕೋವಿಡ್ ಬೇರೆ ಬಂತು. ಒಟ್ಟು ಖರ್ಚು 100 ಕೋಟಿ ಡಾಲರ್ ದಾಟಿತು. ಹೆಸರಿಡುವ ಹಕ್ಕನ್ನು ಅಮೆಜಾನ್ ಕೊಂಡುಕೊಂಡು, ತನ್ನ ಹೆಸರಿನ ಬದಲು ‘ಕ್ಲೈಮೇಟ್ ಪ್ಲೆಜ್ ಅರೀನಾ’ ಅಂತ ಇಟ್ಟಿತು. ಹವಾಮಾನ ಕಾಪಾಡುವ ಪ್ರತಿಜ್ಞೆ ಅಂತ ಅರ್ಥ.

ಬರೀ ಹೆಸರಲ್ಲೇ ಹವಾಮಾನವಾ ಅಂತ ನನಗೂ ಅನುಮಾನವಿತ್ತು. ಆದರೆ ಒಂದು ಸಂಗತಿ ಮನಸ್ಸಿಗೆ ಹಿಡಿಸಿತು. ಆ ಹಳೇ ಚಾವಣಿಯ ಮೇಲೆ ಬಿದ್ದ ಮಳೆನೀರನ್ನು ಸುಮಾರು 57 ಸಾವಿರ ಲೀಟರಿನ ತೊಟ್ಟಿಯಲ್ಲಿ ಹಿಡಿದಿಟ್ಟು, ಶುದ್ಧ ಮಾಡಿ, ಆಟದ ಐಸ್‌ಗೆ ಬಳಸ್ತಾರೆ. ಐಸ್ ನುಣುಪು ಮಾಡುವ ಜಾಂಬೋನಿ ಗಾಡಿಗಳೂ ವಿದ್ಯುತ್ತಿನವು. ಪಂದ್ಯದ ಟಿಕೆಟ್ ಇದ್ದವರಿಗೆ ಬಸ್ಸು, ರೈಲು ಉಚಿತ.

“ಮಳೆನೀರಲ್ಲಿ ಐಸ್ ಮಾಡಿ ಆಡ್ತಾರಾ!” ಅಪ್ಪ ಖುಷಿಯಾದರು. “ಹಾಗಾದ್ರೆ ನಮ್ಮ ಮಡಿಕೇರಿಯಲ್ಲಿ ಕಟ್ಟಿದ್ರೆ ಮೂರು ಅರೀನಾಕ್ಕೆ ಆಗೋ ನೀರಿದೆ.” ಮಾತು ಸುಳ್ಳಲ್ಲ. ಮಳೆಯ ಊರು ಅಂತ ಹೆಸರಾದ ಸಿಯಾಟಲ್‌ಗೆ ವರ್ಷಕ್ಕೆ ಬೀಳೋದು 40 ಇಂಚಿಗೂ ಕಡಿಮೆ.

ಆಟ ಹೇಗಿರುತ್ತೆ?

ಅಕ್ಟೋಬರ್ 23ರಂದು ಹೊಸ ಮನೆಯಲ್ಲಿ ಮೊದಲ ಪಂದ್ಯ. ಟಿಕೆಟ್ ಬೆಲೆ ನೋಡಿ ನಾನು ಮನೆಯಲ್ಲೇ ಟಿ.ವಿ. ಹಾಕಿಕೊಂಡು ಕೂತೆ. ಇಲ್ಲಿ ಸಂಜೆ 7 ಗಂಟೆ ಅಂದ್ರೆ ಊರಲ್ಲಿ ಮರುದಿನ ಬೆಳಿಗ್ಗೆ 7:30. ಚಳಿಗಾಲದಲ್ಲಿ 8:30 ಆಗುತ್ತೆ. ಅಪ್ಪನ ಕಾಫಿಗೆ ಹೇಳಿ ಮಾಡಿಸಿದ ಸಮಯ.

ಆಟ ಶುರುವಾಗೋ ಮುಂಚೆ ಒಂದು ಸಮಾರಂಭ. 32ನೇ ನಂಬರಿನ ಬಾವುಟವನ್ನು ಚಾವಣಿಗೆ ಏರಿಸಿದರು. ಅಂದ್ರೆ ಆ ನಂಬರಿನ ಅಂಗಿಯನ್ನು ಈ ತಂಡದಲ್ಲಿ ಇನ್ಯಾರೂ ತೊಡುವ ಹಾಗಿಲ್ಲ. ಸಾಮಾನ್ಯವಾಗಿ ಇಂಥ ಗೌರವ ಹದಿನೈದು-ಇಪ್ಪತ್ತು ವರ್ಷ ಆಡಿ ನಿವೃತ್ತರಾದ ದಿಗ್ಗಜರಿಗೆ. ಇಲ್ಲಿ ತಂಡ ಇನ್ನೂ ಮನೆಯಂಗಳದಲ್ಲಿ ಒಂದು ಪಂದ್ಯವನ್ನೂ ಆಡಿಲ್ಲ! ಆ ಗೌರವ ಅಭಿಮಾನಿಗಳಿಗೆ. ತಂಡಕ್ಕೆ ಹೆಸರೂ ಇಲ್ಲದಿದ್ದ 2018ರ ಮಾರ್ಚ್‌ನಲ್ಲಿ, ಸೀಸನ್ ಟಿಕೆಟ್‌ಗೆ ಮುಂಗಡ ಕಟ್ಟಲು ಅವಕಾಶ ಕೊಟ್ಟ ಮೊದಲ ದಿನವೇ 32 ಸಾವಿರ ಮುಂಗಡ ಬಂದಿತ್ತಂತೆ.

ಆಟದ ಲೆಕ್ಕ ಸರಳ. ಗೋಲಿ ಸೇರಿ ಒಂದು ಕಡೆಗೆ ಆರು ಜನ. 20 ನಿಮಿಷದ ಮೂರು ಪೀರಿಯಡ್. ಚೆಂಡಿನ ಬದಲು ಪಕ್, ಅಂದ್ರೆ ಮೂರು ಇಂಚು ಅಗಲ, ಒಂದು ಇಂಚು ದಪ್ಪದ ರಬ್ಬರಿನ ಬಿಲ್ಲೆ. ಪುಟಿಯಬಾರದು ಅಂತ ಅದನ್ನು ಆಟಕ್ಕೆ ಮುಂಚೆ ಫ್ರೀಜರಿನಲ್ಲಿ ಇಟ್ಟಿರ್ತಾರೆ. ವೇಗ ಎಷ್ಟೆಂದರೆ ಆಟಗಾರರು ಮುಕ್ಕಾಲು ನಿಮಿಷ ಆಡಿ, ಏದುಸಿರು ಬಿಡುತ್ತಾ ಬೆಂಚಿಗೆ ಬರ್ತಾರೆ, ಬೇರೆಯವರು ಕಟಕಟೆ ಹಾರಿ ಒಳಗೆ ಇಳೀತಾರೆ. ಮೈಗೆ ಮೈ ಡಿಕ್ಕಿ ಹೊಡೆಯೋದು ಇಲ್ಲಿ ತಪ್ಪಲ್ಲ. ಮಿತಿ ಮೀರಿದರೆ ಎರಡು ನಿಮಿಷ ಗಾಜಿನ ಗೂಡಿನಲ್ಲಿ ಕೂರಬೇಕು.

“ಓ, ನಮ್ಮ ಗ್ರೀನ್ ಕಾರ್ಡ್!” ಅಂದರು ಅಪ್ಪ. ನಮ್ಮ ಹಾಕಿಯಲ್ಲೂ ಹಸಿರು ಕಾರ್ಡ್ ಅಂದ್ರೆ ಎರಡು ನಿಮಿಷ ಹೊರಗೆ. ಅಮೆರಿಕದಲ್ಲಿರೋ ನಮ್ಮಂಥವರಿಗೆ ಗ್ರೀನ್ ಕಾರ್ಡ್ ಅಂದ್ರೆ ಬೇರೆಯೇ ಕನಸು ಅಂತ ಹೇಳಿ ಇಬ್ಬರೂ ನಕ್ಕೆವು.

ಆ ರಾತ್ರಿ ವ್ಯಾಂಕೂವರ್ ಕನಕ್ಸ್ ಎದುರು ಕ್ರಾಕನ್ 4-2ರಿಂದ ಸೋತಿತು. ಹೊಸ ಮನೆಯ ಮೊದಲ ಗೋಲು ವಿನ್ಸ್ ಡನ್‌ದು ಅನ್ನೋದಷ್ಟೇ ಸಮಾಧಾನ. ಮೂರು ದಿನದ ನಂತರ ಮಾಂಟ್ರಿಯಲ್ ಕೆನೇಡಿಯನ್ಸ್ ತಂಡವನ್ನು 5-1ರಿಂದ ಸೋಲಿಸಿ ಮನೆಯಲ್ಲಿ ಮೊದಲ ಗೆಲುವು ಪಡೆದರು.

ಇದಕ್ಕೊಂದು ಹಿನ್ನೆಲೆ ಇದೆ. ಸಿಯಾಟಲ್‌ಗೆ ಹಿಂದೆ ಮೆಟ್ರೊಪಾಲಿಟನ್ಸ್ ಅಂತ ಐಸ್ ಹಾಕಿ ತಂಡವಿತ್ತು. ಈ ಆಟದ ಅತಿದೊಡ್ಡ ಬಹುಮಾನವಾದ ಸ್ಟ್ಯಾನ್ಲಿ ಕಪ್ ಗೆದ್ದ ಮೊದಲ ಅಮೆರಿಕನ್ ತಂಡ ಅದು, 1917ರಲ್ಲಿ. 1919ರ ಫೈನಲ್ ಸರಣಿ ಇದೇ ಮಾಂಟ್ರಿಯಲ್ ಎದುರು ಸಿಯಾಟಲ್‌ನಲ್ಲೇ ನಡೆಯುತ್ತಿದ್ದಾಗ ಸ್ಪ್ಯಾನಿಷ್ ಫ್ಲೂ ಆಟಗಾರರನ್ನು ಮಲಗಿಸಿತು. ಸಮಬಲದಲ್ಲಿದ್ದ ಸರಣಿ ಅಲ್ಲಿಗೇ ನಿಂತಿತು. ಮಾಂಟ್ರಿಯಲ್‌ನ ಜೋ ಹಾಲ್ ಸಿಯಾಟಲ್‌ನಲ್ಲೇ ತೀರಿಕೊಂಡರು. ನೂರಾ ಎರಡು ವರ್ಷದ ನಂತರ ಅದೇ ಊರು, ಅದೇ ಎದುರಾಳಿ, ಇನ್ನೊಂದು ಮಹಾಮಾರಿ. ಲಸಿಕೆಯ ಚೀಟಿ ತೋರಿಸಿ, ಮಾಸ್ಕ್ ಹಾಕಿಕೊಂಡು ಬಂದ ಜನ ಎದ್ದು ನಿಂತು ಕೂಗುತ್ತಿದ್ದರು.

ಸೋಲಿನ ಚಳಿಗಾಲ

ಆಮೇಲೆ ಶುರುವಾಯಿತು ನೋಡಿ, ಸಾಲು ಸಾಲು ಸೋಲು.

ಜನರ ನಿರೀಕ್ಷೆ ಬೇರೆ ಇತ್ತು. ನಾಲ್ಕು ವರ್ಷ ಹಿಂದೆ ಹೊಸದಾಗಿ ಬಂದ ವೇಗಸ್ ಗೋಲ್ಡನ್ ನೈಟ್ಸ್ ಮೊದಲ ಸೀಸನ್‌ನಲ್ಲೇ ಸ್ಟ್ಯಾನ್ಲಿ ಕಪ್ ಫೈನಲ್‌ವರೆಗೂ ಹೋಗಿತ್ತು. ಸಿಯಾಟಲ್ ಕೂಡ ಅದೇ ನಿಯಮದಲ್ಲಿ ಕಟ್ಟಿದ ತಂಡ. ವೇಗಸ್ ಬಿಟ್ಟು ಉಳಿದ 30 ತಂಡಗಳಿಂದ ತಲಾ ಒಬ್ಬ ಆಟಗಾರನನ್ನು ಆರಿಸಿಕೊಳ್ಳಬಹುದು. ಆದರೆ ಪ್ರತಿ ತಂಡವೂ ತನಗೆ ಬೇಕಾದವರನ್ನು ಮೊದಲೇ ಕಾಯ್ದಿರಿಸಿಕೊಂಡಿರುತ್ತೆ. ಮೂವತ್ತು ಮನೆಯಿಂದ ಬಂದವರು ಸೇರಿ ಅಡುಗೆ ಮಾಡಿದ ಹಾಗೆ. ಒಬ್ಬನ ಪಾಸ್ ಇನ್ನೊಬ್ಬನಿಗೆ ಗೊತ್ತಿಲ್ಲ. ಗೋಲಿ ಫಿಲಿಪ್ ಗ್ರೂಬಾವರ್ ಹಿಂದಿನ ವರ್ಷ ಕೊಲೊರಾಡೊದಲ್ಲಿ ಮಿಂಚಿದವರು, ಇಲ್ಲಿ ತಡೆಯಬಹುದಾದ ಗೋಲುಗಳನ್ನೂ ಬಿಟ್ಟರು.

ನವೆಂಬರಿನ ಒಂದು ಮಳೆಯ ಸಂಜೆ ಸಹೋದ್ಯೋಗಿಯೊಬ್ಬರು ತಮ್ಮ ಟಿಕೆಟ್ ಕೊಟ್ಟರು. ಮೋನೋರೈಲಿನಲ್ಲಿ ಹೋದೆ. ಹೊರಗಿನಿಂದ ಆ ಕಟ್ಟಡ ಅಷ್ಟೇನೂ ದೊಡ್ಡದಾಗಿ ಕಾಣಲ್ಲ. ಒಳಗೆ ಕಾಲಿಟ್ಟರೆ ನೆಲ ಕೆಳಗೆ ಇಳಿಯುತ್ತಾ ಹೋಗುತ್ತೆ, ದೊಡ್ಡ ಕಲ್ಯಾಣಿಯ ಮೆಟ್ಟಿಲುಗಳ ಹಾಗೆ ಸೀಟಿನ ಸಾಲುಗಳು, ತಳದಲ್ಲಿ ಹಾಲಿನ ಬಣ್ಣದ ಐಸ್. ಸುಮಾರು 17 ಸಾವಿರ ಜನ. ತಲೆ ಮೇಲೆ ಎರಡು ತ್ರಿಕೋನಾಕಾರದ ಸ್ಕೋರ್ ಬೋರ್ಡ್. ಟಿ.ವಿ.ಯಲ್ಲಿ ಕೇಳದ ಸದ್ದೊಂದು ಅಲ್ಲಿ ಕೇಳಿತು. ಸ್ಕೇಟಿನ ಅಲಗು ಐಸ್ ಕೊರೆಯುವ ಕರಕರ ಸದ್ದು, ತೆಂಗಿನಕಾಯಿ ತುರಿದ ಹಾಗೆ.

ಪೀರಿಯಡ್‌ಗಳ ನಡುವೆ 18 ನಿಮಿಷದ ಬಿಡುವು, ಎರಡು ಸಲ. ಆ ಬಿಡುವು ಅಪ್ಪನ ಪಾಲು. ವಿಡಿಯೋ ಕಾಲ್‌ನಲ್ಲಿ ಜಾಂಬೋನಿ ಗಾಡಿ ತೋರಿಸಿದೆ. “ಗದ್ದೆ ಹೊಡೆಯೋ ಟ್ರ್ಯಾಕ್ಟರ್ ಇದ್ದ ಹಾಗಿದೆ” ಅಂದರು.

ಆ ದಿನವೂ ಸೋತರು. ನನ್ನ ಪಕ್ಕದ ಸೀಟಿನಲ್ಲಿ ಎಪ್ಪತ್ತರ ಆಸುಪಾಸಿನ ಅಜ್ಜ ಒಬ್ಬರು. 1962ರ ಮೇಳಕ್ಕೆ ಅಪ್ಪನ ಕೈ ಹಿಡಿದು ಇದೇ ಸೂರಿನಡಿ ಬಂದಿದ್ದರಂತೆ. ಸೂಪರ್‌ಸಾನಿಕ್ಸ್ ಆಟಗಳನ್ನೂ ಇಲ್ಲೇ ನೋಡಿದವರು. “ಇಷ್ಟು ಸೋತರೂ ಬರ್ತೀರಲ್ಲ, ಬೇಜಾರಾಗಲ್ವಾ?” ಅಂತ ಕೇಳಿದೆ. ಅವರು ನಕ್ಕು ಹೇಳಿದ್ದರ ತಾತ್ಪರ್ಯ ಇಷ್ಟು: ಹದಿಮೂರು ವರ್ಷ ಈ ಕಟ್ಟಡಕ್ಕೆ ಒಂದು ದೊಡ್ಡ ತಂಡವೇ ಇರಲಿಲ್ಲ. ಸೋಲೋದಕ್ಕಾದರೂ ಒಂದು ತಂಡ ಬೇಕಲ್ಲಪ್ಪ.

ಆರ್‌ಸಿಬಿಗಾಗಿ 18ನೇ ಸೀಸನ್‌ವರೆಗೂ ಕಾದ ನಮಗೆ ಈ ಮಾತು ಅರ್ಥವಾಗದೇ ಇರುತ್ತಾ?

ಎರಡು ಸುಳ್ಳು

ಈಗ ನಾನು ಬರೆಯಬೇಕೋ ಬೇಡವೋ ಅಂತ ತುಂಬ ದಿನ ಯೋಚಿಸಿದ ಭಾಗ.

2022ರ ಜನವರಿ. ನಾಲ್ಕು ದಿನ ಅಪ್ಪ ಫೋನಿಗೆ ಸಿಗಲಿಲ್ಲ. “ನೆಗಡಿ, ಮಲಗಿದ್ದಾರೆ”, “ತೋಟಕ್ಕೆ ಹೋಗಿದ್ದಾರೆ” ಅಂತ ಅಮ್ಮ. ಐದನೇ ದಿನ ಅಕ್ಕ ಅಳುತ್ತಾ ಹೇಳಿದಳು. ಎದೆನೋವು ಬಂದು ಮೈಸೂರಿನ ಆಸ್ಪತ್ರೆಗೆ ಸೇರಿಸಿದ್ದರು. ಮೂರು ಕಡೆ ಬ್ಲಾಕ್. ಮರುದಿನ ಬೈಪಾಸ್. “ನಿಂಗೆ ಹೇಳ್ಬೇಡ ಅಂದಿದ್ರು, ಅಷ್ಟು ದೂರ ಒಬ್ನೇ ಇದ್ದೀಯ ಅಂತ.”

ನಾನು ಹೊರಡುವ ಹಾಗಿರಲಿಲ್ಲ. ನನ್ನ ವೀಸಾದ ಬಗೆ ಬದಲಾಗಿತ್ತು. ಒಮ್ಮೆ ಅಮೆರಿಕ ಬಿಟ್ಟರೆ ಭಾರತದಲ್ಲಿ ಹೊಸದಾಗಿ ಸ್ಟಾಂಪಿಂಗ್ ಆಗಬೇಕು. ಕೋವಿಡ್ ದೆಸೆಯಿಂದ ಅದಕ್ಕೆ ದಿನಾಂಕವೇ ಸಿಗುತ್ತಿರಲಿಲ್ಲ. ಹೋದರೆ ಕೆಲಸ ಹೋಗಬಹುದು, ಅದೇ ಸಂಬಳದಲ್ಲೇ ಆಸ್ಪತ್ರೆಯ ಬಿಲ್ಲು ಕಟ್ಟಬೇಕು. ಲೆಕ್ಕ ಹಾಕಿದೆ. ಉಳಿದೆ. ಆ ಲೆಕ್ಕ ಸರಿಯಾಗೇ ಇತ್ತು. ಆದರೂ ಇವತ್ತಿಗೂ ಅದನ್ನ ಯಾರಾದ್ರೂ ಕೇಳಿದರೆ ನನ್ನ ದನಿ ಇಳಿಯುತ್ತೆ.

ಆಪರೇಷನ್ ಆಗಿ ಮೂರನೇ ದಿನ ಅಕ್ಕ ಫೋನನ್ನು ಅಪ್ಪನ ಕಿವಿಗೆ ಹಿಡಿದಳು. ಪಿಸುದನಿಯಲ್ಲಿ ಕೇಳಿದರು, “ಸ್ಕೋರ್ ಎಷ್ಟಾಯ್ತು, ಮಗಾ?”

ಹಿಂದಿನ ರಾತ್ರಿ ನಮ್ಮವರು ಸೋತಿದ್ದರು. “ಗೆದ್ವಿ ಅಪ್ಪ” ಅಂದುಬಿಟ್ಟೆ. ಎದೆ ಸೀಳಿ ಹೊಲಿಗೆ ಹಾಕಿಸಿಕೊಂಡು ಮಲಗಿದವರಿಗೆ ಇನ್ನೇನು ಹೇಳಲಿ?

ಹತ್ತು ದಿನದ ಮೇಲೆ, ಮನೆಗೆ ಬಂದ ಅಪ್ಪ ತಾವೇ ಫೋನ್ ಮಾಡಿದರು. ಅಕ್ಕನ ಮಗನ ಕೈಲಿ ಫೋನಿನಲ್ಲಿ ಹಳೇ ಸ್ಕೋರ್‌ಗಳನ್ನೆಲ್ಲ ತೆಗೆಸಿ ನೋಡಿದ್ದರು. “ಸೋತಿದ್ದನ್ನ ಗೆದ್ರು ಅಂದ್ಯಲ್ಲೋ” ಅಂದರು. ಸಿಟ್ಟಿರಲಿಲ್ಲ.

ನನಗೂ ತಡೆಯಲಾಗಲಿಲ್ಲ. “ನೀವು ಬೈಪಾಸನ್ನೇ ನೆಗಡಿ ಅಂತ ಹೇಳಿಸಿದ್ರಲ್ಲ?”

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಅಡುಗೆಮನೆಯಲ್ಲಿ ಕುಕ್ಕರ್ ಕೂಗಿದ್ದು ಕೇಳಿಸಿತು. ಆಮೇಲೆ ಅಪ್ಪ ಅಂದರು, “ಸರಿ. ಒಂದೊಂದು ಗೋಲು ಆಯ್ತು, ಡ್ರಾ. ಇನ್ನು ಮೇಲೆ ಇಬ್ರೂ ಸ್ಕೋರ್ ಇದ್ದ ಹಾಗೆ ಹೇಳೋದು.”

ಅವತ್ತಿನಿಂದ ಅದೇ ನಮ್ಮ ಪದ್ಧತಿ. ನಾನು ಮೊದಲು ಹಾಕಿ ಸ್ಕೋರ್ ಹೇಳ್ತೀನಿ. ಅಪ್ಪ ಬಿ.ಪಿ., ಸಕ್ಕರೆ, ಎಷ್ಟು ಹೆಜ್ಜೆ ನಡೆದರು, ಯಾವ ಮಾತ್ರೆ ಮರೆತರು ಎಲ್ಲ ಹೇಳ್ತಾರೆ. ಕೆಲಸದಲ್ಲಿ ನನಗೆ ಕೆಟ್ಟ ರಿವ್ಯೂ ಬಂದಾಗಲೂ ಹೇಳಿದೆ. ಮೊದಲಾಗಿದ್ದರೆ “ಎಲ್ಲ ಚೆನ್ನಾಗಿದೆ” ಅಂದು ಫೋನ್ ಇಡುತ್ತಿದ್ದೆ. ಅಂದಹಾಗೆ, ಆ ಚಳಿಗಾಲ ಕ್ರಾಕನ್ ನಮಗೆ ಸೋಲು ಹೇಳೋ ಅಭ್ಯಾಸಕ್ಕೆ ಬೇಕಾದಷ್ಟು ಅವಕಾಶ ಕೊಟ್ಟಿತು!

ಐಸ್ ಮೇಲೆ ನಾನೂ

ಫೆಬ್ರವರಿಯಲ್ಲಿ ಅಪ್ಪ ದಿನಾ ಅರ್ಧ ಕಿಲೋಮೀಟರ್ ನಡೆಯಲು ಶುರು ಮಾಡಿದರು. “ನಾನು ಇಲ್ಲಿ ಹೊಸದಾಗಿ ನಡೆಯೋದು ಕಲೀತಿದ್ದೀನಿ, ನೀನು ಬರೀ ಕೂತು ನೋಡ್ತೀಯಲ್ಲ” ಅಂತ ಚುಚ್ಚಿದರು. ಊರಿನ ಉತ್ತರಕ್ಕೆ ನಾರ್ತ್‌ಗೇಟ್‌ನಲ್ಲಿ ಕ್ರಾಕನ್ ತಂಡದ ತರಬೇತಿ ಕೇಂದ್ರವಿದೆ. ಮೂರು ಐಸ್ ಅಂಗಳ. ತಂಡದ ಅಭ್ಯಾಸ ನಡೆಯುವ ಅದೇ ಕಟ್ಟಡದಲ್ಲಿ ಜನಸಾಮಾನ್ಯರೂ ಬಾಡಿಗೆ ಸ್ಕೇಟ್ ತೊಟ್ಟು ಆಡಬಹುದು.

ಮೊದಲ ದಿನ ಕಟಕಟೆ ಬಿಟ್ಟು ಮೂರು ಹೆಜ್ಜೆ ಇಡುವಷ್ಟರಲ್ಲಿ ಬೆನ್ನ ಮೇಲೆ ಬಿದ್ದೆ. ಆರೇಳು ವರ್ಷದ ಹುಡುಗಿಯೊಬ್ಬಳು ಗಕ್ಕನೆ ಪಕ್ಕದಲ್ಲಿ ನಿಂತು, ಮಂಡಿ ಬಗ್ಗಿಸಿಕೋ, ಕಾಲು ನೋಡಬೇಡ, ಮುಂದೆ ನೋಡು ಅಂತ ಪಾಠ ಹೇಳಿ ಹೋದಳು. ಅಪ್ಪಂಗೆ ಸ್ಕೋರ್ ಒಪ್ಪಿಸಿದೆ: “ಒಂದು ಗಂಟೆ, ಹದಿನಾಲ್ಕು ಸಲ ಬಿದ್ದೆ.” ಹೊಲಿಗೆ ನೋಯುತ್ತೆ ಅಂತ ಎದೆ ಹಿಡಿದುಕೊಂಡು ನಕ್ಕರಂತೆ. ಅಮ್ಮ ನನ್ನ ಬೈದರು.

ಕೊನೆಯ ಲೆಕ್ಕ

ಮಾರ್ಚ್‌ನಲ್ಲಿ ತಂಡದ ಮೊದಲ ನಾಯಕ ಮಾರ್ಕ್ ಜಿಯೊರ್ಡಾನೊರನ್ನು ಟೊರೊಂಟೊಗೆ ಕೊಟ್ಟುಬಿಟ್ಟರು. ಏಪ್ರಿಲ್‌ನಲ್ಲಿ ಮ್ಯಾಟಿ ಬೆನಿಯರ್ಸ್ ಅಂತ ಹತ್ತೊಂಬತ್ತರ ಹುಡುಗ ಮಿಷಿಗನ್‌ನಲ್ಲಿ ಕಾಲೇಜು ಹಾಕಿ ಮುಗಿಸಿ ನೇರ ತಂಡಕ್ಕೆ ಬಂದ. ಅವನು ಐಸ್‌ಗೆ ಇಳಿದರೆ ಸೋಲುತ್ತಿರುವ ಪಂದ್ಯದಲ್ಲೂ ಜನ ಎದ್ದು ಕೂರೋರು.

ಏಪ್ರಿಲ್ 29, ಮನೆಯಂಗಳದ ಕೊನೆಯ ಪಂದ್ಯ. ಈ ಸಲ ನಾನೇ ಟಿಕೆಟ್ ಕೊಂಡೆ. ಎದುರಾಳಿ ಸ್ಯಾನ್ ಹೋಸೆ ಶಾರ್ಕ್ಸ್. ಗೆದ್ದರೂ ಸೋತರೂ ಪಟ್ಟಿಯಲ್ಲಿ ಏನೂ ಬದಲಾಗದ ಪಂದ್ಯ. ಆದರೂ ಸೀಟುಗಳು ತುಂಬಿದ್ದವು, ಮಾಸ್ಕ್ ಕಡ್ಡಾಯ ಹೋಗಿದ್ದರಿಂದ ಮುಖಗಳು ಕಾಣುತ್ತಿದ್ದವು. ಕ್ರಾಕನ್ 3-0. ಮುಗಿದ ಕೂಡಲೇ ಫೋನ್ ಮಾಡಿದೆ.

“ಗೆದ್ವಿ ಅಪ್ಪ.”

“ನಿಜವಾಗ್ಲೂ?”

ಫೋನ್ ತಿರುಗಿಸಿ ಸ್ಕೋರ್ ಬೋರ್ಡ್ ತೋರಿಸಿದೆ. ಕನ್ನಡಕ ಹುಡುಕಿ ಹಾಕಿಕೊಂಡು, ಓದಿ, ತಲೆಯಾಡಿಸಿದರು.

ಸೀಸನ್‌ನ ಲೆಕ್ಕ ಹೀಗಿದೆ. 82 ಪಂದ್ಯ, 27 ಗೆಲುವು, 49 ಸೋಲು, ಹೆಚ್ಚುವರಿ ಸಮಯದಲ್ಲಿ ಇನ್ನೂ 6 ಸೋಲು. ಒಟ್ಟು 60 ಅಂಕ. ಪೆಸಿಫಿಕ್ ವಿಭಾಗದ ಎಂಟು ತಂಡಗಳಲ್ಲಿ ಎಂಟನೆಯ ಸ್ಥಾನ.

ಮರುವರ್ಷ ಅದೇ ತಂಡ 100 ಅಂಕ ಗಳಿಸಿತು. ಬೆನಿಯರ್ಸ್‌ಗೆ ವರ್ಷದ ಶ್ರೇಷ್ಠ ಹೊಸ ಆಟಗಾರ ಪ್ರಶಸ್ತಿ ಬಂತು. ಪ್ಲೇಆಫ್‌ನ ಮೊದಲ ಸುತ್ತಿನಲ್ಲಿ ಹಾಲಿ ಚಾಂಪಿಯನ್ ಕೊಲೊರಾಡೊವನ್ನು ಏಳನೇ ಪಂದ್ಯದಲ್ಲಿ 2-1ರಿಂದ ಸೋಲಿಸಿದರು. ಮುಂದಿನ ಸುತ್ತಿನಲ್ಲಿ ಡಲ್ಲಾಸ್ ಎದುರು ಏಳನೇ ಪಂದ್ಯದಲ್ಲಿ ಅದೇ 2-1ರಿಂದ ಸೋತರು. ಅದಾದ ಮೇಲಿನ ಎರಡು ಸೀಸನ್ ಮತ್ತೆ ಪ್ಲೇಆಫ್ ಸಿಗಲಿಲ್ಲ. ನೋಡಿ, ಇದ್ದದ್ದು ಇದ್ದ ಹಾಗೆ ಹೇಳಿದ್ದೀನಿ.

ಸ್ಟಾಂಪಿಂಗ್‌ಗೆ ಅಂತೂ ದಿನಾಂಕ ಸಿಕ್ಕಿ ಊರಿಗೆ ಹೋದಾಗ ಅಪ್ಪನಿಗೆ ಒಂದು ಪಕ್ ಒಯ್ದೆ. ಕೈಯಲ್ಲಿ ಹಿಡಿದು ತೂಗಿ ನೋಡಿದರು. ಮೂಲೆಯಿಂದ ತಮ್ಮ ಹಳೇ ಸ್ಟಿಕ್ ತೆಗೆದು, ನಡುಮನೆಯ ರೆಡ್ ಆಕ್ಸೈಡ್ ನೆಲದ ಮೇಲೆ ಪಕ್ ಇಟ್ಟು, ಮೆಲ್ಲಗೆ ಒಂದು ಪುಶ್ ಕೊಟ್ಟರು. ಅದು ಸೊಯ್ಯನೆ ಜಾರಿ ಹೋಗಿ ಅಡುಗೆಮನೆ ಹೊಸ್ತಿಲಿಗೆ ಬಡಿಯಿತು.

“ಮನೆ ಒಳಗೆ ಆಡ್ಬೇಡಿ!” ಅಂತ ಅಮ್ಮ ಕೂಗಿದರು.

ಅಪ್ಪ ನನ್ನ ಕಡೆ ತಿರುಗಿ, “ಒಂದು-ಸೊನ್ನೆ” ಅಂದರು.